ಹದಿನೇಳು ಗಂಟು ಕೆಂಪು ನೂಲು

ನಾನು ಭಾನುವಾರದ ಗಿಡದ ಕ್ಲಾಸಿಗೆ ಹೋಗಲು ಶುರುಮಾಡಿದಾಗ ಅದಕ್ಕೆ ‘ಕಸದ ಸಾಲಿ’ ಎಂದು ಹೆಸರಿಟ್ಟವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇರೆಯವರ ಮೇಲೆ ಹಾಕುವ ಬುದ್ಧಿ ಬಂದೀತು. “ಸೂಟಿ ದಿನಾ ಇಷ್ಟ ನಸುಕಿನ್ಯಾಗ ಎಲ್ಲಿಗೆ ಹೊಂಟಿ?” ಎಂದು ಅಣ್ಣ ಕೇಳಿದ. ನಲವತ್ತು ದಾಟಿದ, ಮದುವೆಯಾಗದ ತಂಗಿ ನೋಟ್‌ಬುಕ್ಕು ಹಿಡಿದು ಗುಡ್ಡ ಹತ್ತಲು ಹೋಗುತ್ತಾಳೆಂದು ಹೇಳಲು ನನಗೇ ನಾಚಿಕೆ. “ಕಸ ನೋಡಾಕ ಹೊಂಟೇನಿ. ಕಸದ ಸಾಲಿ ಅದು” ಎಂದೆ. ಅಣ್ಣ ನಕ್ಕ. ವೈನಿಯೂ ನಕ್ಕಳು. ಆದರೆ ಅಣ್ಣನ ಹೆಂಡತಿಯಾದ ಈ ನನ್ನ ವೈನಿ, ನಾನು ಹೇಳಿದ್ದನ್ನೆಲ್ಲ ಖರೆ ಎಂದೇ ತಿಳಿಯುವವಳು. ಅದು ನನ್ನ ತಲೆಗೆ ಹೋಗಲಿಲ್ಲ.

ನನಗೆ ಜಮಖಂಡಿಯ ಒಂದು ಕಾಲೇಜಿನ ಆಫೀಸಿನಲ್ಲಿ ಕಾರಕೂನಿಕೆ. ಬನಹಟ್ಟಿಯಿಂದ ದಿನಾ ಬಸ್ಸಿಗೆ ಹೋಗಿ ಬರುತ್ತೇನೆ. ಇರುವುದು ಅಣ್ಣನ ಮನೆಯಲ್ಲಿ. ಪಡಸಾಲೆ ತುಂಬ ನಾಲ್ಕು ಪವರ್‌ಲೂಮ್ ಇವೆ. ಅವು ನಡೆಯುತ್ತಿದ್ದರೆ ಒಬ್ಬರ ಮಾತು ಒಬ್ಬರಿಗೆ ಕೇಳಿಸದು, ಹಾಗಾಗಿ ನಮ್ಮ ಮನೆಯಲ್ಲಿ ಎಲ್ಲರೂ ಒದರಿಯೇ ಮಾತಾಡುತ್ತೇವೆ. ಅಣ್ಣ ಮಗ್ಗ ನೋಡಿದರೆ, ವೈನಿ ಕಂಡಿಕೆಗೆ ನೂಲು ಸುತ್ತುತ್ತಾಳೆ, ನೇಯ್ದ ಸೀರೆಗಳನ್ನು ಪರೀಕ್ಷೆ ಮಾಡುತ್ತಾಳೆ. ಬಾಗಿಲ ಬೆಳಕಿಗೆ ಕುಳಿತು ಸೀರೆಯನ್ನು ತೊಡೆಯ ಮೇಲೆ ಸರಿಸುತ್ತ ಹೋಗುತ್ತಾಳೆ. ಎಳೆ ಹರಿದಲ್ಲಿ, ನೂಲು ಗಂಟುಗಟ್ಟಿದಲ್ಲಿ, ಅಂಚಿಗೆ ಒಂದು ಗೇಣು ಕೆಂಪು ನೂಲು ಕಟ್ಟುತ್ತಾಳೆ. ಪೂರ್ತಿ ನೋಡಿ ಮುಗಿದ ಮೇಲೆ ಸೂಜಿ ಕತ್ತರಿ ಹಿಡಿದು ಒಂದೊಂದೇ ಕೆಂಪು ನೂಲಿನ ಬಳಿ ಬಂದು, ಕೆಟ್ಟ ಎಳೆಯನ್ನು ಬುಡಸಮೇತ ಜಗ್ಗಿ ತೆಗೆಯುತ್ತಾಳೆ. ಕೆಂಪು ನೂಲು ಕಂಡರೆ ಅಲ್ಲಿ ಕೆಟ್ಟದ್ದಿದೆ, ತೆಗೆಯಬೇಕು. ನಮ್ಮ ಓಣಿಯ ಸಣ್ಣ ಹುಡುಗಿಯರಿಗೂ ಇದು ಗೊತ್ತು. ನನಗೂ ಗೊತ್ತಿತ್ತು. ಗೊತ್ತಿದ್ದೂ ಮಾಡಿದೆನಲ್ಲ, ಅದೇ ಇವತ್ತಿಗೂ ಚುಚ್ಚುತ್ತದೆ.

ಕ್ಲಾಸು ನಡೆಸುತ್ತಿದ್ದವರು ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮುದುಕರು. ನಾವು ಏಳೆಂಟು ಜನ ಅವರಿಗೆ ಸರ್ ಎನ್ನುತ್ತಿದ್ದೆವು. ಮೊದಲ ದಿನ ಒಬ್ಬೊಬ್ಬರನ್ನು ಒಂದೊಂದು ಗಿಡದ ಮುಂದೆ ಕೂರಿಸಿ, ಒಂದು ತಾಸು ಸುಮ್ಮನೆ ನೋಡಿ ಎಂದರು. ನನ್ನ ಪಾಲಿಗೆ ಬಂದದ್ದು ಉತ್ತರಾಣಿ. ನನಗೆ ಸಿಟ್ಟು ಬಂತು.

“ಸರ್, ಇದು ನಮ್ಮ ಹಿತ್ತಲದಾಗ ಬೇಕಾದಷ್ಟ ಐತ್ರಿ. ಇದರಾಗ ನೋಡೂದೇನ್ರಿ?”

“ಐತಿ ಅನ್ನೂದು ಗೊತ್ತೈತಿ. ನೋಡಿ ಏನ? ಎಲಿ ಎದುರುಬದುರು ಅದಾವೋ, ಒಂದ ಬಿಟ್ಟ ಒಂದ ಅದಾವೋ, ಹೇಳ ನೋಡೂಣು.”

ಹುಟ್ಟಿದಾಗಿನಿಂದ ಸೀರೆಗೆ, ಲಂಗಕ್ಕೆ ಅಂಟಿಸಿಕೊಂಡು ಬಂದ ಗಿಡ, ಅದರ ಎಲೆ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ. ಆ ಒಂದು ತಾಸಿನಲ್ಲಿ ನನ್ನ ಸೊಕ್ಕು ಅರ್ಧ ಇಳಿಯಿತು. ಪೂರ್ತಿ ಇಳಿದಿದ್ದರೆ ಚೆನ್ನಾಗಿತ್ತು.

ಸರ್ ಬಳಿ ಒಂದು ದಪ್ಪ ವಹಿ ಇತ್ತು. ಕಂಡ ಪ್ರತಿ ಗಿಡಕ್ಕೂ ಅದರಲ್ಲಿ ಒಂದು ಸಾಲು: ಹೆಸರು, ಜಾಗ, ದಿನ, ಕೊನೆಯಲ್ಲಿ ‘ಕಂಡವರು’. ಯಾರು ನೋಡಿದರೋ ಅವರ ಹೆಸರೇ ಬರೆಯಬೇಕು. ಕ್ಲಾಸಿನಲ್ಲಿ ನನ್ನ ಅಕ್ಷರ ದುಂಡಗೆಂದು ಬರೆಯುವ ಕೆಲಸ ನನಗೆ ಬಂತು. ಹೊಸ ಗಿಡ ಸಿಕ್ಕಾಗ “ಕಂಡವರ ಹೆಸರ ಮೊದಲ ಬರಿ. ನಾಳೆ ಯಾರರ ಕೇಳಿದ್ರ, ಖರೇನ ನೋಡೇವಿ ಅಂತ ಹೇಳಾಕ ಒಬ್ಬರು ಬೇಕು” ಎನ್ನುತ್ತಿದ್ದರು.

ಒಂದೊಂದು ವಾರ ಒಂದೊಂದು ಕಡೆ ಹೋಗುತ್ತಿದ್ದೆವು. ಬೀಳಗಿ ಕಡೆಯ ಕುರುಚಲು ಗುಡ್ಡಗಳಲ್ಲಿ ಕವಳಿ ಕಂಟಿ, ತಂಗಡಿ, ಮಂಗರವಳ್ಳಿ ಗುರುತು ಹಿಡಿದೆವು. ಮುಧೋಳ ಕಡೆಯ ಸಮೀರವಾಡಿ ಸುತ್ತಿನ ಕಬ್ಬಿನ ಬದುಗಳಲ್ಲಿ ಒಂದು ಇಡೀ ಮುಂಜಾನೆ ತಿರುಗಿದರೂ ಕಾಂಗ್ರೆಸ್ ಕಸ ಬಿಟ್ಟು ಬೇರೇನೂ ಕಾಣಲಿಲ್ಲ. ಹಿಂದೆ ಅಲ್ಲಿ ಹಕ್ಕರಕಿ, ಕಿರಕಸಾಲಿ ಸೊಪ್ಪು ಬುಟ್ಟಿಗಟ್ಟಲೆ ಸಿಗುತ್ತಿತ್ತು ಎಂದು ಸರ್ ಹೇಳಿದರು. ಆ ದಿನದ ಪುಟದಲ್ಲಿ ‘ಏನೂ ಇಲ್ಲ’ ಎಂದು ಬರೆಸಿದರು. ಹಾಗೆ ಬರೆಯುವಾಗ ನನಗೆ ಕಸಿವಿಸಿಯಾಯಿತು, ಅವರಿಗೆ ರೂಢಿಯಾಗಿತ್ತು.

ಗಲಗಲಿಯಲ್ಲಿ ಕೃಷ್ಣೆಯ ದಂಡೆಗೆ ಹೋದ ದಿನ ಅವರು ಗಿಡ ತೋರಿಸಲೇ ಇಲ್ಲ. ನೀರಿನತ್ತ ಕೈ ಮಾಡಿ, “ಅಲ್ಲಿ ನಮ್ಮೂರು ಇತ್ತು” ಎಂದರು. ಅಣೆಕಟ್ಟಿನ ಹಿನ್ನೀರು ಬಂದಾಗ ಊರು ಮುಳುಗಿ, ಜನರನ್ನೆಲ್ಲ ಎತ್ತರದ ಜಾಗಕ್ಕೆ ಎಬ್ಬಿಸಿ ಕಳಿಸಿದ್ದರು. ಊರ ಹಿಂದಿನ ಕಲ್ಲುದಿನ್ನೆಯ ಮೇಲೆ ಒಂದು ಸಣ್ಣ ಬಳ್ಳಿ ಹಬ್ಬುತ್ತಿತ್ತಂತೆ. ಮಳೆಗಾಲದಲ್ಲಿ ಮಾತ್ರ ಕಾಣಿಸುತ್ತದೆ, ಆಮೇಲೆ ಒಣಗಿ ಹೋಗುತ್ತದೆ, ಗಡ್ಡೆ ಮಾತ್ರ ನೆಲದೊಳಗೆ ಇರುತ್ತದೆ. ಮುರಿದರೆ ಹಾಲು ಬರುತ್ತದೆ. ಅವರ ತಾಯಿ ಅದಕ್ಕೆ ಹಾಲಗಡ್ಡಿ ಎನ್ನುತ್ತಿದ್ದರು. ಅದರ ಪುಸ್ತಕದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಇನ್ನೆಲ್ಲಾದರೂ ಉಳಿದಿದ್ದರೆ ಯಾರೂ ಹುಡುಕಿಕೊಂಡು ಹೋಗುವುದು ಬೇಡ.

“ಊರ ಬಿಟ್ಟಾಗ ಮಂದಿ ಬಾಗಲಾ, ಜಂತಿ ಎಲ್ಲಾ ಕಿತ್ತಗೊಂಡು ಬಂದ್ರು. ನಾ ಸಸ್ಯಶಾಸ್ತ್ರದ ಮಾಸ್ತರ. ಒಂದ ಗಡ್ಡಿ ತರಲಿಲ್ಲ ನೋಡ” ಎಂದರು ಸರ್. “ಅಲ್ಲಿಂದ ಹುಡಕಾಕತ್ತೇನಿ. ಒಂದ ಹಿಡಿ ಬೀಜ ಸಿಕ್ರ ಸಾಕು, ನಮ್ಮವ್ರು ಈಗ ಇರೂ ಜಾಗಾದಾಗ ಬಿತ್ತಿ ಸಾಯ್ತೇನಿ. ಬ್ಯಾರೆ ಆಸೆ ಏನೂ ಉಳದಿಲ್ಲ.”

ಆ ಸಂಜೆ ಮನೆಯಲ್ಲಿ ನಾನು ಸುಮ್ಮನಿದ್ದದ್ದು ಕಂಡು ವೈನಿ ಚಹಾ ತಂದುಕೊಟ್ಟು ಪಕ್ಕದಲ್ಲಿ ಕುಳಿತಳು. “ತಂಗಿ, ನಾನೂ ಒಂದ ರವಿವಾರ ಬರ್ಲೇನ ನಿನ್ನ ಸಾಲಿಗೆ?” ಎಂದು ಕೇಳಿದಳು. ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು, ಕೇಳುವಾಗ ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಏನೆಂದೆ? “ನಿನಗೇನ ತಿಳಿತೈತಿ ವೈನಿ ಅಲ್ಲಿ? ಬರೇ ಇಂಗ್ಲಿಷ್ ಹೆಸರ ಹೇಳ್ತಾರ.” ಸುಳ್ಳು, ಶುದ್ಧ ಸುಳ್ಳು! ಸರ್ ಹಳ್ಳಿಯ ಹೆಸರು ಬಿಟ್ಟು ಬೇರೆ ಹೆಸರನ್ನು ನಾವು ಕೇಳಿದರಷ್ಟೇ ಹೇಳುತ್ತಿದ್ದರು. ವಾರವಿಡೀ ಮಗ್ಗದ ಸದ್ದಿನಲ್ಲಿ, ಕಾಲೇಜಿನ ಕಡತಗಳಲ್ಲಿ ಕಳೆದವಳಿಗೆ ನನ್ನದೇ ಎನ್ನುವ ಒಂದು ಮುಂಜಾನೆ ಸಿಕ್ಕಿತ್ತು. ಅದರಲ್ಲಿ ಯಾರಿಗೂ ಪಾಲು ಕೊಡುವ ಮನಸ್ಸಿರಲಿಲ್ಲ. “ಹೌದ ಬಿಡು” ಎಂದು ವೈನಿ ಲೋಟ ತೆಗೆದುಕೊಂಡು ಎದ್ದು ಹೋದಳು.

ಜುಲೈ ಕೊನೆಯ ಒಂದು ಭಾನುವಾರ ಬನಹಟ್ಟಿ ಮತ್ತು ಜಮಖಂಡಿ ನಡುವಿನ ಒಂದು ಬೋಳು ಕಲ್ಲುಗುಡ್ಡಕ್ಕೆ ಹೋಗಿದ್ದೆವು. ನನ್ನ ಚಪ್ಪಲಿಯ ಉಂಗುಟ ಕಿತ್ತು ಹೋಯಿತು. ಬಯ್ಯುತ್ತ ಕೂತೆ. ಕೂತಲ್ಲಿ ಹುಲ್ಲಿನ ನಡುವೆ ಒಂದು ದಾರದಂಥ ಬಳ್ಳಿ ಕಂಟಿಯನ್ನು ಸುತ್ತಿ ಮೇಲೇರಿತ್ತು. ಅದರಲ್ಲಿ ಬೆರಳಿನ ಉಗುರಿಗಿಂತ ತುಸು ಉದ್ದದ ಹೂವು, ಬುಡ ಉಬ್ಬಿ ಮೇಲೆ ಸಣ್ಣ ಕೊಳವೆ, ತುದಿಯಲ್ಲಿ ಮುಚ್ಚಳವಿದ್ದಂತೆ ಕೂಡಿಕೊಂಡ ಎಸಳು. ನಾನು ಅಂಥ ಹೂವನ್ನು ಎಂದೂ ಕಂಡಿರಲಿಲ್ಲ. “ಸರ್, ಇಲ್ಲಿ ಬರ್ರಿ!” ಎಂದು ಒದರಿದೆ.

ಸರ್ ಬಂದರು, ಬಗ್ಗಿದರು, ಭೂತಗನ್ನಡಿ ತೆಗೆಯಲೇ ಇಲ್ಲ. ಹಾಗೇ ನೆಲದ ಮೇಲೆ ಕುಕ್ಕರಿಸಿದರು. ಒಂದು ಎಲೆಯ ತುದಿ ಚಿವುಟಿ ಹಾಲು ಬಂದದ್ದನ್ನು ನಾಲಿಗೆಗೆ ಹಚ್ಚಿಕೊಂಡರು. ಆಮೇಲೆ ನಮ್ಮೆಲ್ಲರ ಮುಂದೆ, ಆ ಎಪ್ಪತ್ತು ದಾಟಿದ ಮನುಷ್ಯ, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನಾವು ಏನು ಮಾಡುವುದೆಂದು ತಿಳಿಯದೆ ಸುತ್ತ ನಿಂತೆವು.

ಆ ದಿನ ಇಡೀ ಗುಡ್ಡ ಹುಡುಕಿ ಹದಿನೇಳು ಬಳ್ಳಿ ಲೆಕ್ಕ ಹಾಕಿದೆವು. ಹದಿನೆಂಟನೆಯದು ಸಿಗಲಿಲ್ಲ. ವಹಿಯಲ್ಲಿ ‘ಕಂಡವರು’ ಎಂಬ ಕಡೆ ಸರ್ ನನ್ನ ಹೆಸರು ಬರೆಸಿದರು. ಡಿಗ್ರಿ ಸರ್ಟಿಫಿಕೇಟು ಸಿಕ್ಕಾಗಲೂ ನಾನು ಅಷ್ಟು ಬೀಗಿರಲಿಲ್ಲ.

ಕಾಯಿ ಬಲಿತು ಒಡೆಯುವುದು ಸೆಪ್ಟೆಂಬರ್ ಹೊತ್ತಿಗೆ. ಒಡೆದರೆ ಬೀಜವೆಲ್ಲ ಎಕ್ಕಿಯದರ ಹಾಗೆ ಗಾಳಿಗೆ ಹಾರಿಹೋಗುತ್ತದೆ, ಅದಕ್ಕೆ ಮುಂಚೆ ತೆಗೆಯಬೇಕು. ಅಷ್ಟರಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿರುತ್ತದೆ, ಬಳ್ಳಿ ಸಿಗುವುದು ಕಷ್ಟ. ಸರ್ ಪ್ರತಿ ಬಳ್ಳಿಯ ಬುಡಕ್ಕೆ ಮೂರು ಕಲ್ಲು ಇಡೋಣ ಎಂದರು.

“ಹುಲ್ಲಾಗ ಕಲ್ಲ ಕಾಣೂದಿಲ್ಲ ಸರ್. ನಾ ನೂಲ ಕಟ್ತೇನಿ. ನಮ್ಮ ಮನ್ಯಾಗ ನೂಲಿಗೇನ ಬರ ಐತ್ರಿ?”

“ಕಣ್ಣಿಗೆ ಹೊಡಿಯೂವಂಗ ಇರೂದು ಛಲೋ ಅಲ್ಲವಾ. ಯಾರರ ನೋಡ್ತಾರ.”

“ಈ ಹಾಳ ಗುಡ್ಡಕ್ಕ ಯಾರ ಬರ್ತಾರ್ರಿ ಸರ್!”

ಅವರು ಕೈಲಿದ್ದ ಕಲ್ಲು ಕೆಳಗಿಟ್ಟರು. ಮುಂದಿನ ಭಾನುವಾರ ಹೊರಡುವಾಗ ವೈನಿಯ ಬುಟ್ಟಿಗೆ ಕೈ ಹಾಕಿ ಒಂದು ಲಡಿ ಕೆಂಪು ನೂಲು ಎತ್ತಿಕೊಂಡೆ. ಬೇರೆ ಬಣ್ಣವೂ ಇತ್ತು. ಹಸಿರು ಹುಲ್ಲಿನಲ್ಲಿ ಕೆಂಪು ಚೆನ್ನಾಗಿ ಕಾಣುತ್ತದೆ ಎಂದು ಅದನ್ನೇ ತೆಗೆದುಕೊಂಡೆ. ಮಗ್ಗದ ಸದ್ದಿನ ನಡುವೆ ವೈನಿ ಕೂಗಿ ಕೇಳಿದಳು: “ನೂಲ ಯಾಕ ತಂಗಿ?”

“ಗುರ್ತ ಹಾಕಾಕ.”

“ಯಾತಕ್ಕ?”

“ಕಸಕ್ಕ ವೈನಿ, ಕಸಕ್ಕ!” ಎಂದು ಒದರಿ ಬಸ್ಸಿಗೆ ಓಡಿದೆ.

ಹದಿನೇಳು ಬಳ್ಳಿಗೂ ಕಟ್ಟಿದೆ. ಕೈ ತಾನಾಗಿಯೇ ವೈನಿ ಕಟ್ಟುವ ಗಂಟನ್ನೇ ಹಾಕಿತು, ನನಗೆ ಬರುವುದು ಅದೊಂದೇ ಗಂಟು. ಆಗಸ್ಟಿನಲ್ಲಿ ಕಾಯಿ ಕಚ್ಚಿದವು. ಸಣ್ಣ ಆಡುಮರಿಯ ಕೋಡಿನ ಹಾಗೆ ಎರಡೆರಡು. ಸರ್ ವಾರವಾರವೂ ಮೊಣಕಾಲು ಹಿಡಿದುಕೊಂಡು ಗುಡ್ಡ ಹತ್ತಿದರು, ಬಿಳಿ ಕಾಗದದ ಸಣ್ಣ ಲಕೋಟೆಗಳನ್ನು ಮನೆಯಲ್ಲೇ ಅಂಟಿಸಿ ಇಟ್ಟುಕೊಂಡರು. “ಗಣಪ್ಪನ ಹಬ್ಬ ಆಗಿ ಒಂದ ವಾರಕ್ಕ ತಗಿಯೂಣು” ಎಂದರು.

ಹಬ್ಬ ಆಯಿತು. ಆ ತಿಂಗಳು ಸೀರೆಗೆ ಗಿರಾಕಿ ಇಲ್ಲದೆ ನಮ್ಮ ಓಣಿಯ ಅರ್ಧ ಮಗ್ಗ ನಿಂತಿದ್ದವು. ಹೆಂಗಸರು ಸಿಕ್ಕ ಕೆಲಸಕ್ಕೆ ಹೋಗುತ್ತಿದ್ದರು. ಸೋಮವಾರ ಮುಂಜಾನೆ ವೈನಿ ಬುತ್ತಿ ಕಟ್ಟಿಕೊಳ್ಳುತ್ತ, “ಓಣ್ಯಾಗಿನವ್ರ ಕೂಡ ಕಸ ತಗಿಯೂ ಕೆಲಸಕ್ಕ ಹೊಂಟೇನಿ ತಂಗಿ, ನಾಕ ದಿನದ್ದು” ಎಂದಳು. ಎಲ್ಲಿ ಎಂದು ನಾನು ಕೇಳಲಿಲ್ಲ. ನನ್ನ ಬಸ್ಸಿಗೆ ಹೊತ್ತಾಗಿತ್ತು.

ಗುರುವಾರ ಸಂಜೆ ಆಫೀಸಿನಿಂದ ಬಂದು ಕಾಲು ತೊಳೆಯುತ್ತಿದ್ದೆ. ವೈನಿ ಹಿತ್ತಲ ಬಾಗಿಲಲ್ಲಿ ನಿಂತಿದ್ದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು, ಆದರೆ ನಗುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ಒಂದು ಕೆಂಪು ಉಂಡೆ ನನ್ನ ಒದ್ದೆ ಕೈಯಲ್ಲಿ ಇಟ್ಟಳು.

“ತಗೋ, ನಿನ್ನ ನೂಲ. ಎಣಿಸೇನಿ, ಹದಿನೇಳ ಅದಾವ. ಒಂದೂ ಬಿಡಲಿಲ್ಲ ನೋಡ.”

ನೂಲಿಗೆ ಮಣ್ಣು ಅಂಟಿತ್ತು. ಅಲ್ಲಲ್ಲಿ ಒಣಗಿದ ಹಾಲಿನ ಕಲೆ ಇತ್ತು.

ವೈನಿ ಹೇಳುತ್ತಲೇ ಇದ್ದಳು. ಯಾರೋ ಆ ಗುಡ್ಡದ ಮೇಲೆ ಸಸಿ ನೆಡುವ ಕಾರ್ಯಕ್ರಮ ಇಟ್ಟುಕೊಂಡಿದ್ದಾರೆ, ದೊಡ್ಡವರು ಬರುತ್ತಾರೆ, ಅದಕ್ಕೆ ಮೊದಲು ಗುಡ್ಡ ಸ್ವಚ್ಛ ಮಾಡಬೇಕಿತ್ತು. “ಉಳದವ್ರೆಲ್ಲಾ ಮ್ಯಾಲ ಮ್ಯಾಲ ಕುಡಗೋಲ ಆಡಿಸಿದ್ರು. ಅದ ಮತ್ತ ಬೆಳಿತೈತಿ ಬಿಡು. ನಾ ನಿನ್ನ ಗಂಟ ಗುರ್ತ ಹಿಡದೆ. ನಮ್ಮ ಮನಿ ನೂಲ, ನಮ್ಮ ಮನಿ ಗಂಟ! ನಮ್ಮ ತಂಗಿ ಕೆಟ್ಟ ಕಸಕ್ಕ ಗುರ್ತ ಹಾಕಿ ಹೋಗ್ಯಾಳ ಅಂತ ಎಲ್ಲಾರಿಗೂ ಹೇಳಿದೆ. ಖುರಪಿ ಹಾಕಿ ಗಡ್ಡಿ ಸಮೇತ ತಗದೇನಿ ಹದಿನೇಳನ್ನೂ. ಎಷ್ಟ ಆಳ ಇದ್ದುವು ಅಂತಿ! ಉಗರ ಕಿತ್ತ ಬಂತು.”

ಉಗುರು ತೋರಿಸಿದಳು. ನಾನು ಆ ಉಗುರನ್ನು ನೋಡಲಿಲ್ಲ. ಬಾಯಿಗೆ ಬಂದದ್ದು ಒದರಿದೆ. “ಅಯ್ಯ ಹಾಳಾದಾಕಿ, ಎಂಥಾ ಕೆಲಸ ಮಾಡಿದಿ! ಕಣ್ಣಿಲ್ಲೇನ ನಿನಗ? ಆ ಮುದುಕನ ಜೀವಾ ಕಿತ್ತ ಬಂದಿ!” ಅಣ್ಣ ಮಗ್ಗ ನಿಲ್ಲಿಸಿ ಓಡಿ ಬಂದ. ಮನೆಯಲ್ಲಿ ಒಮ್ಮೆಲೇ ಸದ್ದಡಗಿತು. ವೈನಿ ಆ ಕಿತ್ತ ಉಗುರಿನ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು. “ಕಸ ಅಂದಿದ್ಯಲ್ಲ ತಂಗಿ ನೀ” ಎಂದಳು, ಅಷ್ಟೇ. ನಾನು ಇನ್ನೂ ಎರಡು ಮಾತು ಬಯ್ದೆ.

ಕಿತ್ತದ್ದನ್ನೆಲ್ಲ ಟ್ರ್ಯಾಕ್ಟರಿನಲ್ಲಿ ತುಂಬಿ ಊರ ಹೊರಗಿನ ಹಳೇ ಕಲ್ಲಿನ ಖಣಿಯಲ್ಲಿ ಸುರಿದಿದ್ದರು. ಮರುದಿನ ನಾನು ರಜೆ ಹಾಕಿ ಅಲ್ಲಿಗೆ ಹೋದೆ. ಹುಲ್ಲು, ಮುಳ್ಳಿನ ಕಂಟಿ, ಅದರ ಮೇಲೆ ಊರ ಪ್ಲಾಸ್ಟಿಕ್ಕು. ನಾಲ್ಕೈದು ಹಂದಿಗಳು ಮೂತಿ ಹಾಕಿ ಕೆದರುತ್ತಿದ್ದವು. ಹಂದಿ ಗಡ್ಡೆ ಬಿಡುತ್ತದೆಯೇ? ಕಲ್ಲು ಎಸೆದು ಎಸೆದು ಓಡಿಸಿ ಮಧ್ಯಾಹ್ನದವರೆಗೆ ಕೆದರಿದೆ. ಬಾಡಿದ ಬಳ್ಳಿಗಳು ಸಿಕ್ಕವು, ಕಾಯಿಗಳು ಎಳಸಾಗಿಯೇ ಸುರುಟಿದ್ದವು. ಗಡ್ಡೆ ಸಿಕ್ಕಿದ್ದು ಒಂದೇ, ಅದೂ ಅರ್ಧ ಕಡಿದದ್ದು.

ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಸರ್ ಮನೆಗೆ ಹೋದೆ. ನಡೆದದ್ದನ್ನೆಲ್ಲ ಹೇಳಿದೆ, ತಪ್ಪು ವೈನಿಯದು ಎನ್ನುವ ಹಾಗೆ ಹೇಳಿದೆ. ಅವರು ಗಡ್ಡೆಯನ್ನು ಅಂಗೈಯಲ್ಲಿಟ್ಟುಕೊಂಡು ಕೇಳಿದರು. ಬಯ್ಯಲಿಲ್ಲ. ಬಯ್ದಿದ್ದರೆ ನಾನು ಬದುಕುತ್ತಿದ್ದೆ.

“ಹುಲ್ಲ ಸೊಂಟದ ಮಟಾ ಇತ್ತು. ಅದರಾಗ ಹದಿನೇಳಕ್ಕ ಹದಿನೇಳೂ ಹುಡಕ್ಯಾಳ” ಎಂದರು ನಿಧಾನವಾಗಿ. “ನಮ್ಮ ಕ್ಲಾಸಿನಾಗ ಅಷ್ಟ ಕಣ್ಣು ಯಾರಿಗೂ ಇಲ್ಲ, ನನಗೂ ಇಲ್ಲ. ಇಂಥಾಕಿನ್ನ ಮನ್ಯಾಗ ಇಟಗೊಂಡು, ಒಂದ ರವಿವಾರನೂ ಯಾಕ ಕರಕೊಂಡ ಬರಲಿಲ್ಲವಾ ನೀ?”

ಎದ್ದು ಬಂದೆ. ಆ ದಿನ ಮನೆಗೆ ಬಂದು ವೈನಿಯ ಕಾಲಿಗೆ ಬೀಳಬೇಕಿತ್ತು. ಬೀಳಲಿಲ್ಲ. ಒಂದು ತಿಂಗಳು ಆಕೆಯೊಂದಿಗೆ ಮಾತು ಬಿಟ್ಟೆ. ನನ್ನ ತಪ್ಪಿಗೆ ಆಕೆಯ ಮುಖ ನೋಡಲಾರದೆ ಬಿಟ್ಟೆ ಎನ್ನುವುದು ಆಕೆಗೆ ಹೇಗೆ ಗೊತ್ತಾಗಬೇಕು? ದಿನಾ ನನ್ನ ತಾಟು ಮುಚ್ಚಿಟ್ಟು ಒಳಗೆ ಹೋಗುತ್ತಿದ್ದಳು. ಗುಡ್ಡದ ಮೇಲೆ ಸಸಿ ನೆಟ್ಟರು, ಫೋಟೋ ತೆಗೆಸಿಕೊಂಡರು. ಸರ್ ಕುಂಡದಲ್ಲಿಟ್ಟ ಅರ್ಧ ಗಡ್ಡೆ ದೀಪಾವಳಿಯ ಹೊತ್ತಿಗೆ ಕೊಳೆಯಿತು. ಅವರು ಫೋನಿನಲ್ಲಿ “ಹೋತವಾ” ಎಂದು ಹೇಳಿ ಇಟ್ಟುಬಿಟ್ಟರು. ಆಮೇಲೆ ಕ್ಲಾಸು ತೆಗೆದುಕೊಳ್ಳಲಿಲ್ಲ, ಮೊಣಕಾಲು ನೋವು ಎಂದರು.

ಆ ಫೋನು ಬಂದ ಸಂಜೆ ಮಗ್ಗ ನಿಂತ ಮೇಲೆ ನಾನು ವೈನಿಯ ಬಳಿ ಕುಳಿತು ಎಲ್ಲ ಹೇಳಿದೆ. ಮುಳುಗಿದ ಊರು, ಹಾಲಗಡ್ಡಿ, ಬಿಳಿ ಲಕೋಟೆ, ಎಲ್ಲ. ಇಂಗ್ಲಿಷ್ ಹೆಸರು ಎಂದದ್ದು ಸುಳ್ಳು ಎಂದೂ ಹೇಳಿದೆ. ಆಕೆ ಅಳಲಿಲ್ಲ. “ಮಳಿ ಆದ ಮ್ಯಾಲ ಹೋಗಿ ನೋಡೂಣು. ಎಲ್ಲೆಲ್ಲಿ ಕಿತ್ತೇನಿ ಅನ್ನೂದು ನನಗ ನೆನಪೈತಿ” ಎಂದಳು.

ಮರುವರ್ಷ ಜುಲೈನಲ್ಲಿ ಮೂವರೂ ಹೋದೆವು. ಸರ್‌ಗೆ ಹತ್ತಲಾಗಲಿಲ್ಲ, ಕೆಳಗೆ ಒಂದು ಕಲ್ಲಿನ ಮೇಲೆ ವಹಿ ತೊಡೆಯ ಮೇಲಿಟ್ಟುಕೊಂಡು ಕುಳಿತರು. ನೆಟ್ಟ ಸಸಿಗಳಲ್ಲಿ ಅರ್ಧ ಒಣಗಿದ್ದವು, ಹುಲ್ಲು ಮಾತ್ರ ಮೊದಲಿನ ಹಾಗೇ ಎದ್ದಿತ್ತು. ವೈನಿ ನೇರ ನಡೆದು ಒಂದು ಕಲ್ಲಿನ ಪಕ್ಕ ಮಂಡಿಯೂರಿದಳು. “ಇಲ್ಲಿ ಒಂದ. ಇದರ ಎಲಿ ಸಣ್ಣ ಇದ್ದುವು.” ಅಲ್ಲಿಂದ ಎದ್ದು ಇನ್ನೊಂದು ಕಡೆ. “ಇಲ್ಲಿ ಎರಡ. ಇದಕ್ಕ ಕಾಯಿ ಇರಲಿಲ್ಲ, ಬರೇ ಹೂವಿತ್ತು.” ಹದಿನೇಳು ಜಾಗವನ್ನೂ ತೋರಿಸಿದಳು. ಕಟ್ಟಿದವಳು ನಾನು, ನನಗೆ ಆರೂ ನೆನಪಿರಲಿಲ್ಲ. ಎಲ್ಲ ಕಡೆಯೂ ಕೈಯಿಂದ ಹುಲ್ಲು ಸರಿಸಿ, ಮಣ್ಣು ಸವರಿ ನೋಡಿದಳು. ಒಂದು ಚಿಗುರೂ ಇರಲಿಲ್ಲ. ಅಷ್ಟು ಸ್ವಚ್ಛವಾಗಿ ತೆಗೆದಿದ್ದಳು.

ಕೆಳಗಿಳಿದು ಬಂದಾಗ ಸರ್ ನಮ್ಮ ಮುಖ ನೋಡಿದರು. ವಹಿಯ ಆ ಪುಟ ತೆರೆದು ನನ್ನ ಕೈಗೆ ಪೆನ್ನು ಕೊಟ್ಟರು. ‘ಕಂಡವರು’ ಎಂಬ ಕಡೆ ನನ್ನ ಹೆಸರಿತ್ತು.

“ಅದನ್ನ ಹೊಡದ ಹಾಕು. ವೈನಿಯವರ ಹೆಸರ ಬರಿ. ಎಲ್ಲಾರಕಿಂತ ಕಡೀಕ ಕಂಡಾವ್ರು ಅವರು.”

ಬರೆದೆ. ವೈನಿ ನನ್ನ ಹೆಗಲ ಮೇಲಿಂದ ಬಗ್ಗಿ ತನ್ನ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿಕೊಂಡಳು. ಆಕೆಯ ಹೆಸರನ್ನು ರೇಷನ್ ಕಾರ್ಡಿನ ಆಚೆ ಎಲ್ಲೂ ಬರೆದದ್ದು ನಾನು ಕಂಡಿರಲಿಲ್ಲ. ಓದಿ ಮುಗಿಸಿ ಆ ಸೊಟ್ಟಗೆ ಬೆಳೆದ ಉಗುರಿನ ಬೆರಳನ್ನು ನಾನು ಹೊಡೆದು ಹಾಕಿದ ಹೆಸರಿನ ಮೇಲೆ ಇಟ್ಟಳು.

“ಇದನ್ಯಾಕ ಅಳಸ್ತಿ ತಂಗಿ? ಗುರ್ತ ಹಾಕಿದಾಕಿ ನೀ ಅಲ್ಲೇನ? ನಿಂದೂ ಇರಲಿ, ಬರಿ.”

ದನಿಯಲ್ಲಿ ಸಿಟ್ಟು ಇರಲಿಲ್ಲ. ನಾನು ಆಕೆಯ ಹೆಸರಿನ ಪಕ್ಕದಲ್ಲಿ ಮತ್ತೆ ನನ್ನ ಹೆಸರು ಬರೆದೆ.